ಬನಶಂಕರಿಯ ಹಳೆಯ ಫ್ಲ್ಯಾಟೋ, ತಲಘಟ್ಟಪುರದ ಹೊಸ ಸಮುಚ್ಚಯವೋ: ಸುತ್ತಲಿನ ಸುರಕ್ಷತೆಯನ್ನು ತೂಗಿ ನೋಡುವುದು ಹೇಗೆ?

ತುಂಗಾತೀರ (ಪ್ರಶ್ನೆ)

ಹಲವು ವರ್ಷ ಬಾಡಿಗೆ ಮನೆಗಳಲ್ಲಿ ಕಳೆದ ಮೇಲೆ ಬೆಂಗಳೂರಿನಲ್ಲೇ ಸ್ವಂತ ಫ್ಲ್ಯಾಟ್ ಕೊಳ್ಳುವುದೆಂದು ಮನೆಯವರೆಲ್ಲ ಕೂತು ತೀರ್ಮಾನಿಸಿದ್ದೇವೆ. ಹುಡುಕಾಟ ಈಗ ಎರಡು ಆಯ್ಕೆಗಳಿಗೆ ಬಂದು ನಿಂತಿದೆ. ಒಂದು, ಬನಶಂಕರಿ ಎರಡನೇ ಹಂತದಲ್ಲಿ ಸುಮಾರು ಇಪ್ಪತ್ತು ವರ್ಷ ಹಳೆಯದಾದ, ಹನ್ನೆರಡೇ ಮನೆಗಳಿರುವ ಕಟ್ಟಡದ ಎರಡನೇ ಮಹಡಿಯದು. ಇನ್ನೊಂದು, ಕನಕಪುರ ರಸ್ತೆಯ ತಲಘಟ್ಟಪುರ ಮೆಟ್ರೊ ನಿಲ್ದಾಣದಿಂದ ಒಂದೂವರೆ ಕಿಲೋಮೀಟರ್ ಒಳಗಿರುವ ಹೊಸ ಗೇಟೆಡ್ ಸಮುಚ್ಚಯದ ಒಂಬತ್ತನೇ ಮಹಡಿಯದು. ಬೆಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಎರಡೂ ಹಸಿರು ಮಾರ್ಗದ ಮೇಲೇ ಇರುವುದರಿಂದ ಓಡಾಟದ ಲೆಕ್ಕವೂ ಹೆಚ್ಚುಕಡಿಮೆ ಸರಿಹೊಂದುತ್ತದೆ. ಉಳಿದಿರುವುದು ಸುರಕ್ಷತೆಯ ಪ್ರಶ್ನೆ, ಮತ್ತು ಅದನ್ನು ತೂಗುವ ತಕ್ಕಡಿ ನನ್ನ ಬಳಿ ಇಲ್ಲ.

ಮನೆಯಲ್ಲಿ ನಾವು ನಾಲ್ವರು. ಹೆಂಡತಿಯ ಕೆಲಸ ವಾರದಲ್ಲಿ ಕೆಲವು ದಿನ ರಾತ್ರಿ ಹತ್ತರ ನಂತರ ಮುಗಿಯುತ್ತದೆ. ಮಗಳು ಎಂಟನೇ ತರಗತಿಯಲ್ಲಿದ್ದಾಳೆ; ಟ್ಯೂಷನ್ನಿಗೆ ಒಬ್ಬಳೇ ಹೋಗಿಬರುವ ವಯಸ್ಸು. ತಾಯಿಯವರು ಬೆಳಗಿನ ಜಾವದ ವಾಯುವಿಹಾರವನ್ನೂ ಕೊರಳಿನ ಸರವನ್ನೂ ಬಿಡುವವರಲ್ಲ. ದಲ್ಲಾಳಿಗಳನ್ನು ಕೇಳಿದರೆ ಎರಡೂ ಕಡೆ ಒಂದೇ ಉತ್ತರ: ‘ತುಂಬಾ ಡೀಸೆಂಟ್ ಏರಿಯಾ ಸಾರ್, ಎಲ್ಲಾ ಫ್ಯಾಮಿಲಿಗಳೇ ಇರೋದು.’ ಬಂಧುಗಳ ಪೈಕಿ ಒಬ್ಬರು ಗೇಟು, ಕ್ಯಾಮೆರಾ, ಕಾವಲುಗಾರರಿಲ್ಲದ ಕಡೆ ಕೊಳ್ಳಲೇಬಾರದು ಎನ್ನುತ್ತಾರೆ. ಇನ್ನೊಬ್ಬರು ಹಳೆಯ ಬಡಾವಣೆಯ ನೆರೆಹೊರೆಗೆ ಸಮನಾದ ಕಾವಲು ಯಾವುದೂ ಇಲ್ಲ ಎಂದು ವಾದಿಸುತ್ತಾರೆ. ಅಭಿಪ್ರಾಯಗಳಿಗೆ ಬರವಿಲ್ಲ. ನನಗೆ ಬೇಕಿರುವುದು ಮುಂಗಡ ಕೊಡುವ ಮುನ್ನ ನಾನೇ ಹೋಗಿ ಪರೀಕ್ಷಿಸಬಹುದಾದ ಸಂಗತಿಗಳು. ಯಾವ ದಾಖಲೆ ನೋಡಬೇಕು, ಯಾರನ್ನು ಕೇಳಬೇಕು, ಯಾವುದಕ್ಕೆ ಎಷ್ಟು ಬೆಲೆ ಕೊಡಬೇಕು ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ವಕಾಲತ್ತು

ಮೊದಲು ಅಂಕಿಅಂಶಗಳ ಮಾತು, ಏಕೆಂದರೆ ಅಂತರ್ಜಾಲದಲ್ಲಿ ‘ಬೆಂಗಳೂರಿನ ಸುರಕ್ಷಿತ ಬಡಾವಣೆಗಳು’ ಎಂಬ ಪಟ್ಟಿಗಳನ್ನು ನೀವು ಈಗಾಗಲೇ ಓದಿರಬಹುದು. ಅವುಗಳಲ್ಲಿ ಬಹುಪಾಲು ಮನೆ ಮಾರುವವರೇ ಬರೆಸಿದ ಜಾಹೀರಾತುಗಳು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಟಿಸುವ ವಾರ್ಷಿಕ ವರದಿಯಲ್ಲಿ ಮಹಾನಗರಗಳ ಲೆಕ್ಕ ಇಡೀ ನಗರಕ್ಕೆ ಒಂದೇ ಸಾಲಿನಲ್ಲಿ ಬರುತ್ತದೆಯೇ ಹೊರತು ಬನಶಂಕರಿಗೆ ಬೇರೆ, ತಲಘಟ್ಟಪುರಕ್ಕೆ ಬೇರೆ ಎಂದು ಸಿಗುವುದಿಲ್ಲ. ಮೇಲಾಗಿ 2023ನೇ ಸಾಲಿನ ವರದಿ ಹೊರಬಂದದ್ದೇ 2025ರ ಸೆಪ್ಟೆಂಬರ್ ಕೊನೆಯಲ್ಲಿ. ದಾಖಲಾದ ಪ್ರಕರಣಗಳು ಹೆಚ್ಚುವುದೂ ಅಪರಾಧ ಹೆಚ್ಚುವುದೂ ಒಂದೇ ಅಲ್ಲವೆಂದು ಆ ಬ್ಯೂರೊವೇ ಓದುಗರನ್ನು ಎಚ್ಚರಿಸುತ್ತದೆ. ದೂರು ಕೊಟ್ಟ ಕೂಡಲೇ ಬರೆದುಕೊಳ್ಳುವ ಠಾಣೆಯ ಸಂಖ್ಯೆ, ಬಂದವರನ್ನು ಸಮಾಧಾನಪಡಿಸಿ ಕಳುಹಿಸುವ ಠಾಣೆಯ ಸಂಖ್ಯೆಗಿಂತ ದೊಡ್ಡದಾಗಿಯೇ ಕಾಣುತ್ತದೆ.

ಅದಕ್ಕಿಂತ ಹತ್ತಿರದ ಆಧಾರವೊಂದಿದೆ. ಪ್ರಥಮ ವರ್ತಮಾನ ವರದಿಗಳನ್ನು (ಎಫ್ಐಆರ್) ದಾಖಲಾದ 24 ಗಂಟೆಗಳೊಳಗೆ ಪೊಲೀಸ್ ಜಾಲತಾಣದಲ್ಲಿ ಹಾಕಬೇಕೆಂದು ಸರ್ವೋಚ್ಚ ನ್ಯಾಯಾಲಯ 2016ರಲ್ಲಿ ಆದೇಶಿಸಿತು. ರಾಜ್ಯ ಪೊಲೀಸ್ ಜಾಲತಾಣದಲ್ಲಿ ಠಾಣೆಯನ್ನೂ ಅವಧಿಯನ್ನೂ ಆಯ್ದು ಇವುಗಳನ್ನು ಹುಡುಕಬಹುದು. ಎಷ್ಟು ಪ್ರಕರಣ ಎಂದು ಎಣಿಸಬೇಡಿ. ಒಂದೊಂದನ್ನೂ ತೆರೆದು ಓದಿ. ನಮೂನೆಯಲ್ಲಿ ಕೃತ್ಯ ನಡೆದ ಸ್ಥಳ, ವೇಳೆ, ಠಾಣೆಯಿಂದ ಇರುವ ದೂರ ಮತ್ತು ದಿಕ್ಕು, ಬೀಟ್ (ಪೊಲೀಸ್ ಗಸ್ತಿನ ಪ್ರದೇಶ) ಸಂಖ್ಯೆ ಇವಕ್ಕೆಲ್ಲ ಕಲಂಗಳಿವೆ. ನೀವು ನೋಡಿರುವ ಬೀದಿಯ ಆಸುಪಾಸಿನಲ್ಲಿ ನಡೆದದ್ದು ಬೀಗ ಹಾಕಿದ ಮನೆಯ ಹಗಲು ಕಳವೋ, ರಸ್ತೆಬದಿಯ ಬೈಕ್ ಕಳವೋ, ಬೆಳಗಿನ ಸರಗಳ್ಳತನವೋ ಎಂಬುದು ತಿಳಿದರೆ ನಿಮ್ಮ ಮನೆಯ ನಾಲ್ವರಲ್ಲಿ ಯಾರಿಗೆ ಅದು ಸಂಬಂಧಿಸಿದ್ದು ಎಂಬುದೂ ತಿಳಿಯುತ್ತದೆ.

ಆದರೆ ಈ ದಾಖಲೆಗೊಂದು ದೊಡ್ಡ ಕೊರತೆಯಿದೆ. ಲೈಂಗಿಕ ಅಪರಾಧಗಳು, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಮುಂತಾದ ಸೂಕ್ಷ್ಮ ಪ್ರಕರಣಗಳನ್ನು ಅದೇ ಆದೇಶ ಪ್ರಕಟಣೆಯಿಂದ ಹೊರಗಿಟ್ಟಿದೆ. ಸಂತ್ರಸ್ತರ ದೃಷ್ಟಿಯಿಂದ ಅದು ಸರಿಯಾದದ್ದೇ. ಅಂದರೆ ನಿಮ್ಮ ಪತ್ನಿ ಮತ್ತು ಮಗಳ ಮಟ್ಟಿಗೆ ಅತಿ ಮುಖ್ಯವಾದ ಭಾಗ ಜಾಲತಾಣದಲ್ಲಿ ಕಾಣಿಸುವುದೇ ಇಲ್ಲ. ಅದಕ್ಕಾಗಿ ಠಾಣೆಗೇ ಹೋಗಿ, ಮನೆ ಕೊಳ್ಳುವ ಯೋಚನೆಯಲ್ಲಿದ್ದೇವೆಂದು ತಿಳಿಸಿ, ಆ ಬೀದಿಯ ಬೀಟ್ ಸಿಬ್ಬಂದಿಯನ್ನು ಭೇಟಿಯಾಗಬೇಕು. ಅಲ್ಲಿ ನಿಮ್ಮನ್ನು ನಡೆಸಿಕೊಂಡ ರೀತಿಯನ್ನೂ ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳಿ. ಮುಂದೊಂದು ದಿನ ನಿಮ್ಮ ಮಗಳು ದೂರು ಹಿಡಿದು ಅದೇ ಮೇಜಿನ ಮುಂದೆ ನಿಲ್ಲಬೇಕಾಗಬಹುದು. ಠಾಣಾ ಸರಹದ್ದಿನ ತಕರಾರಿಗೆ ಈಗ ಅಷ್ಟು ಅಂಜಬೇಕಾಗಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಕೃತ್ಯ ಎಲ್ಲೇ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ಮಾಹಿತಿ ದಾಖಲಿಸಬಹುದು.

ದಲ್ಲಾಳಿಯ ಮಾತಿನ ಬಗ್ಗೆ ಒಂದು ಟಿಪ್ಪಣಿ. ಆತ ಹೇಳುತ್ತಿರುವುದು ಆ ಬೀದಿಯಲ್ಲಿ ಯಾರು ವಾಸಿಸುತ್ತಾರೆ ಎಂಬುದನ್ನು. ಜಾತಿ, ಧರ್ಮ, ಊಟದ ಪದ್ಧತಿಗಳೆಲ್ಲ ಆ ಒಂದು ಮಾತಿನೊಳಗೆ ಸೇರಿಕೊಂಡಿರುತ್ತವೆ. ಅಲ್ಲಿ ಏನು ನಡೆಯುತ್ತದೆ ಎಂಬುದು ಆತನಿಗೆ ಗೊತ್ತಿಲ್ಲ, ಗೊತ್ತಿದ್ದರೂ ಹೇಳುವ ಗರಜಿಲ್ಲ.

ರಾತ್ರಿಪಾಳಿ

ನಾನು ಬಹುಕಾಲದಿಂದ ರಾತ್ರಿ ಪಾಳಿಯಲ್ಲಿ ದುಡಿಯುತ್ತಿರುವ ಹೆಣ್ಣುಮಗಳು. ಆದ್ದರಿಂದ ಈ ಪ್ರಶ್ನೆಯಲ್ಲಿ ನನ್ನ ಕಣ್ಣು ಹೋದದ್ದು ನಿಲ್ದಾಣದಿಂದ ಗೇಟಿನವರೆಗಿನ ಆ ಒಂದೂವರೆ ಕಿಲೋಮೀಟರಿನ ಮೇಲೆ. ಮೆಟ್ರೊ ಬೋಗಿಯೊಳಗೂ ನಿಲ್ದಾಣದೊಳಗೂ ನಾನು ನಿಶ್ಚಿಂತೆಯಿಂದ ಇರುತ್ತೇನೆ. ಸಮುಚ್ಚಯದ ಗೇಟು ದಾಟಿದ ಮೇಲೂ ಅಷ್ಟೇ. ಇವೆರಡರ ನಡುವಿನ ದಾರಿ ಯಾರ ಜವಾಬ್ದಾರಿಯೂ ಅಲ್ಲದ ಜಾಗ, ಮತ್ತು ಮನೆ ಕೊಳ್ಳುವವರು ಅದನ್ನು ಹಗಲಿನಲ್ಲಿ, ದಲ್ಲಾಳಿಯ ಕಾರಿನ ಕಿಟಕಿಯಿಂದಷ್ಟೇ ನೋಡಿರುತ್ತಾರೆ.

ನಿಮ್ಮ ಪತ್ನಿ ಮನೆಗೆ ಮರಳುವ ಹೊತ್ತಿಗೇ, ಅವರು ಬಳಸುವ ವಾಹನದಲ್ಲೇ, ಎರಡೂ ಕಡೆ ಹೋಗಿ ನೋಡಬೇಕು. ನೋಡಬೇಕಾದವರು ನೀವಲ್ಲ, ಅವರು. ನೀವು ಬೇಕಿದ್ದರೆ ನೂರು ಹೆಜ್ಜೆ ಹಿಂದೆ ಬನ್ನಿ. ಗಂಡಸಿಗೆ ಖಾಲಿ ರಸ್ತೆ ಪ್ರಶಾಂತವಾಗಿ ಕಾಣುವ ಹೊತ್ತಿನಲ್ಲೇ ಹೆಂಗಸು ಬೀಗದ ಕೈಗೊಂಚಲನ್ನು ಬೆರಳುಗಳ ನಡುವೆ ಹಿಡಿದು ನಡೆಯುತ್ತಿರುತ್ತಾಳೆ. 2013ರಲ್ಲಿ ದೆಹಲಿಯಲ್ಲಿ ಆರಂಭವಾದ ಸೇಫ್ಟಿಪಿನ್ ಎಂಬ ಆ್ಯಪ್ ಒಂದು ಜಾಗವನ್ನು ಒಂಬತ್ತು ಅಂಶಗಳಿಂದ ಅಳೆಯುತ್ತದೆ. ಬೆಳಕು, ನಡೆಯುವ ದಾರಿ, ಸಾರಿಗೆಯ ದೂರ ಇವು ಯಾರಿಗಾದರೂ ಹೊಳೆಯುವಂಥವು. ಆದರೆ ಆ ರಸ್ತೆಯತ್ತ ತೆರೆದುಕೊಳ್ಳುವ ಕಿಟಕಿ, ಬಾಗಿಲು, ಅಂಗಡಿಗಳು ಎಷ್ಟಿವೆ, ಆ ಹೊತ್ತಿನಲ್ಲಿ ರಸ್ತೆಯಲ್ಲಿರುವವರ ಪೈಕಿ ಹೆಂಗಸರೂ ಮಕ್ಕಳೂ ಇದ್ದಾರೆಯೇ ಎಂಬ ಅಂಶಗಳೂ ಅದರಲ್ಲಿವೆ, ಮತ್ತು ನನ್ನ ಅನುಭವದಲ್ಲಿ ತೀರ್ಮಾನ ನಿಂತಿರುವುದು ಇವುಗಳ ಮೇಲೆಯೇ. ದೊಡ್ಡ ಸಮುಚ್ಚಯಗಳು ಎತ್ತರದ ಕಾಂಪೌಂಡ್ ಎಬ್ಬಿಸಿ ರಸ್ತೆಗೆ ಬೆನ್ನು ಹಾಕಿ ನಿಂತಿರುತ್ತವೆ. ಎರಡೂ ಬದಿಯಲ್ಲಿ ಅಂಥ ಗೋಡೆಗಳಿರುವ ಇನ್ನೂರು ಮೀಟರ್ ರಸ್ತೆಯಲ್ಲಿ, ಒಳಗೆ ಸಾವಿರ ಮನೆಗಳಿದ್ದರೂ, ಕೂಗಿದರೆ ಓಗೊಡುವವರು ಒಬ್ಬರೂ ಇರುವುದಿಲ್ಲ. ಬನಶಂಕರಿಯಂಥ ಕಡೆ ಇಸ್ತ್ರಿ ಗಾಡಿಯವರು, ಕಾಂಡಿಮೆಂಟ್ಸ್ ಅಂಗಡಿಯವರು, ನಂದಿನಿ ಬೂತಿನವರು ಸಂಬಳವಿಲ್ಲದೆ ಆ ಕೆಲಸ ಮಾಡುತ್ತಿರುತ್ತಾರೆ. ಆದರೂ ನೀವು ನೋಡಿರುವ ಅಡ್ಡರಸ್ತೆಯಲ್ಲಿ ರಾತ್ರಿ ಹತ್ತೂವರೆಗೆ ಅವರಲ್ಲಿ ಎಷ್ಟು ಮಂದಿ ಉಳಿದಿರುತ್ತಾರೆ ಎಂಬುದನ್ನು ಕಣ್ಣಾರೆ ಕಂಡೇ ಹೇಳಬೇಕು.

ಬೀದಿದೀಪದ ಬಗ್ಗೆ ಇನ್ನೊಂದು ಮಾತು. ದೀಪ ಇದೆಯೇ ಎಂಬುದಕ್ಕಿಂತ, ಕೆಟ್ಟರೆ ಯಾರು ಸರಿಪಡಿಸುತ್ತಾರೆ ಎಂಬುದನ್ನು ವಿಚಾರಿಸಿ. ಹೊರವಲಯದ ಎಷ್ಟೋ ಖಾಸಗಿ ಬಡಾವಣೆಗಳ ರಸ್ತೆಗಳು ಇನ್ನೂ ಸ್ಥಳೀಯ ಸಂಸ್ಥೆಗೆ ಹಸ್ತಾಂತರವಾಗಿರುವುದಿಲ್ಲ. ಆಗ ಪಾಲಿಕೆಯ ಸಹಾಯವಾಣಿ 1533ಕ್ಕೆ ಕರೆ ಮಾಡಿದರೆ ಅದು ನಮ್ಮ ರಸ್ತೆಯಲ್ಲ ಎಂಬ ಉತ್ತರ ಬರುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ನಗರ ಪಾಲಿಕೆಗಳು ಬಂದ ಮೇಲಂತೂ, ನಿಮ್ಮ ರಸ್ತೆ ಯಾರ ಪಟ್ಟಿಯಲ್ಲಿದೆ ಎಂಬುದನ್ನು ಲಿಖಿತವಾಗಿ ತಿಳಿದುಕೊಳ್ಳುವುದೇ ಮೇಲು.

ಕಚೇರಿಯ ಕ್ಯಾಬ್ ಇದ್ದರೆ ಅದು ಎಲ್ಲಿಯವರೆಗೆ ಬರುತ್ತದೆ ಎಂಬುದನ್ನೂ ಗಮನಿಸಿ. ಕೆಲವು ಸಮುಚ್ಚಯಗಳು ಕ್ಯಾಬನ್ನು ಮುಖ್ಯ ಗೇಟಿನಲ್ಲೇ ತಡೆಯುತ್ತವೆ. ಹಳೆಯ ಬಡಾವಣೆಗಳಲ್ಲಿ ಇಕ್ಕೆಲದಲ್ಲೂ ಕಾರು ನಿಲ್ಲಿಸಿರುವುದರಿಂದ ಚಾಲಕ ತಿರುವಿನಲ್ಲೇ ಇಳಿಸಿ ಹೊರಟುಬಿಡುತ್ತಾನೆ.

ಬೇಲಿಯೊಳಗೆ

ಮೇಲಿನ ಉತ್ತರವನ್ನು ಗೌರವಿಸುತ್ತಲೇ ಒಂದು ಆಕ್ಷೇಪಣೆ ಎತ್ತುತ್ತೇನೆ. ಪತ್ನಿಯವರು ರಾತ್ರಿ ಮನೆಗೆ ಬರುವುದು ವಾರದಲ್ಲಿ ಕೆಲವೇ ಸಲ, ಅದೂ ಆಟೊ ಹಿಡಿದರೆ ಐದು ನಿಮಿಷದ ದಾರಿ. ತಾಯಿಯವರ ವಾಯುವಿಹಾರ, ಮಗಳ ಸೈಕಲ್ಲು, ಸಂಜೆಯ ಆಟ ಇವು ಪ್ರತಿದಿನದವು. ಗೇಟಿನೊಳಗೆ ವಾಹನಗಳ ವೇಗ ಕಡಿಮೆ, ಸರಗಳ್ಳರ ಬೈಕಿಗೆ ಒಳಬಂದು ಹೊರಹೋಗುವ ದಾರಿಯಿಲ್ಲ. ನಮ್ಮ ಸಮುಚ್ಚಯದಲ್ಲಿ ವಯಸ್ಸಾದವರು ಬೆಳಗಿನ ಐದಕ್ಕೇ ಧೈರ್ಯವಾಗಿ ನಡೆದಾಡುತ್ತಾರೆ. ಹಳೆಯ ಬಡಾವಣೆಯ ಪಾದಚಾರಿ ಮಾರ್ಗದ ಮೇಲೆ, ಎದ್ದ ಕಲ್ಲುಚಪ್ಪಡಿ, ಟ್ರಾನ್ಸ್‌ಫಾರ್ಮರ್, ಬೀದಿನಾಯಿಗಳ ನಡುವೆ, ಅದೇ ಧೈರ್ಯ ಬರುವುದು ಕಷ್ಟ.

ಆದರೆ ಕಾವಲಿನ ಗುಣಮಟ್ಟವನ್ನು ಸಮವಸ್ತ್ರ ನೋಡಿ ಅಳೆಯಬೇಡಿ. 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆಯಂತೆ ಕಾವಲುಗಾರರನ್ನು ಒದಗಿಸುವ ಸಂಸ್ಥೆಗೆ ಪರವಾನಗಿ ಇರಬೇಕು. ಅದರ ಪ್ರತಿಯನ್ನು ನಿವಾಸಿಗಳ ಸಂಘದಿಂದ ಕೇಳಿ ಪಡೆಯಿರಿ. ಪಾಳಿ ಎಂಟು ಗಂಟೆಯದೋ ಹನ್ನೆರಡು ಗಂಟೆಯದೋ, ಈಗಿರುವ ಸಿಬ್ಬಂದಿ ಎಷ್ಟು ಕಾಲದಿಂದ ಇದ್ದಾರೆ ಎಂದು ವಿಚಾರಿಸಿ. ಹನ್ನೆರಡು ಗಂಟೆ ನಿಂತವನಿಗೆ ಬೆಳಗಿನ ಜಾವ ಮೂರಕ್ಕೆ ಬರುವ ನಿದ್ದೆಯನ್ನು ಯಾವ ಆ್ಯಪ್ ಕೂಡ ತಡೆಯಲಾರದು. ತಿಂಗಳಿಗೊಮ್ಮೆ ಸಿಬ್ಬಂದಿ ಬದಲಾಗುವ ಕಡೆ ನಿವಾಸಿ ಯಾರು, ಹೊರಗಿನವರು ಯಾರು ಎಂಬ ಗುರುತೇ ಕಾವಲುಗಾರನಿಗೆ ಸಿಗುವುದಿಲ್ಲ. ಹನ್ನೆರಡು ಮನೆಯ ಕಟ್ಟಡಗಳ ಕಥೆ ಬೇರೆ. ಅಲ್ಲಿ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ವಾಸಿಸುವ ಒಂದೇ ಕುಟುಂಬ ಇಡೀ ಕಟ್ಟಡದ ಕಾವಲನ್ನು ರಜೆಯಿಲ್ಲದೆ, ಅಲ್ಪ ಸಂಬಳಕ್ಕೆ ಹೊತ್ತಿರುತ್ತದೆ. ಅವರು ಊರಿಗೆ ಹೋದ ವಾರ ಕಟ್ಟಡವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಮಾರಾಟಗಾರರನ್ನು ಕೇಳಿ ನೋಡಿ.

ತುಂಗಾತೀರ

ಎಲ್ಲರಿಗೂ ಧನ್ಯವಾದಗಳು. ಹೆಂಡತಿ ನಿನ್ನೆ ರಾತ್ರಿಯೇ ತಲಘಟ್ಟಪುರದ ದಾರಿಯನ್ನು ನೋಡಿ ಬಂದಳು. ಮೊದಲ ಅರ್ಧ ದಾರಿಯಲ್ಲಿ ಅಂಗಡಿಗಳಿವೆ, ಜನರಿದ್ದಾರೆ. ಅದರಾಚೆ ಒಂದು ಬದಿಗೆ ಖಾಲಿ ನಿವೇಶನಗಳು, ಇನ್ನೊಂದು ಬದಿಗೆ ನೀವು ವರ್ಣಿಸಿದಂಥದೇ ಗೋಡೆ. ಬನಶಂಕರಿಯ ಅಡ್ಡರಸ್ತೆಯಲ್ಲಿ ಹತ್ತೂವರೆಗೆ ಅಂಗಡಿಗಳೆಲ್ಲ ಮುಚ್ಚಿದ್ದವು, ಆದರೆ ಎದುರು ಮನೆಗಳ ವರಾಂಡಾದಲ್ಲಿ ದೀಪ ಉರಿಯುತ್ತಿತ್ತು, ಮೆಟ್ಟಿಲ ಮೇಲೆ ಕೂತು ಮಾತಾಡುತ್ತಿದ್ದವರೂ ಇದ್ದರಂತೆ. ಅವಳ ಒಲವು ಈಗ ಹಳೆಯ ಕಟ್ಟಡದತ್ತ ವಾಲಿದೆ. ಇಪ್ಪತ್ತು ವರ್ಷ ಹಳೆಯ ಕಟ್ಟಡದ ಒಳಗೆ ನೋಡಬೇಕಾದದ್ದು ಏನು?

ಹಳೆ ಇಂಜಿನಿಯರು

ಇಷ್ಟು ಹೊತ್ತು ಕಳ್ಳನ ಬಗ್ಗೆ ಮಾತಾಯಿತು. ನನ್ನ ದೃಷ್ಟಿಯಲ್ಲಿ ಬೆಂಗಳೂರಿನ ಫ್ಲ್ಯಾಟ್‌ವಾಸಿ ಅದಕ್ಕಿಂತ ಹೆಚ್ಚಾಗಿ ಅಂಜಬೇಕಾದದ್ದು ನೀರು, ವಿದ್ಯುತ್ತು, ಬೆಂಕಿ ಈ ಮೂರಕ್ಕೆ. ಕೊಳ್ಳುವವರು ಇವುಗಳನ್ನು ಸುರಕ್ಷತೆಯ ಲೆಕ್ಕಕ್ಕೇ ಸೇರಿಸುವುದಿಲ್ಲ.

2025ರ ಮೇ ತಿಂಗಳ ಮಳೆಯಲ್ಲಿ ಬಿಟಿಎಂ ಬಡಾವಣೆ ಎರಡನೇ ಹಂತದ ಅಪಾರ್ಟ್‌ಮೆಂಟ್ ಒಂದರಲ್ಲಿ, ನುಗ್ಗಿದ ನೀರನ್ನು ಪಂಪಿನಿಂದ ಹೊರಹಾಕುವಾಗ ವಿದ್ಯುತ್ ಪ್ರವಹಿಸಿ ಒಬ್ಬ ಹಿರಿಯರೂ ಒಬ್ಬ ಬಾಲಕನೂ ಸತ್ತರು. 2023ರ ನವೆಂಬರ್‌ನಲ್ಲಿ ವೈಟ್‌ಫೀಲ್ಡ್ ಬಳಿಯ ಹೋಪ್ ಫಾರ್ಮ್ ವೃತ್ತದಲ್ಲಿ ಪಾದಚಾರಿ ಮಾರ್ಗದ ಮೇಲೆ ಬಿದ್ದಿದ್ದ ತಂತಿ ತುಳಿದು ತಾಯಿಯೂ ಹಸುಗೂಸೂ ಪ್ರಾಣ ಕಳೆದುಕೊಂಡದ್ದು ನಸುಕಿನ ಹೊತ್ತಿನಲ್ಲಿ. ನಿಮ್ಮ ತಾಯಿಯವರು ವಾಯುವಿಹಾರಕ್ಕೆ ಹೊರಡುವುದೂ ಹೆಚ್ಚುಕಡಿಮೆ ಅದೇ ಹೊತ್ತು. ಆದ್ದರಿಂದ ಬೀದಿಯಲ್ಲಿ ತಲೆಯೆತ್ತಿ ತಂತಿಗಳನ್ನು ನೋಡಿ: ಬಾಲ್ಕನಿಗೆ ಎಷ್ಟು ಹತ್ತಿರ ಹಾದಿವೆ, ಮರದ ಕೊಂಬೆಗಳಿಗೆ ತಾಗುತ್ತಿವೆಯೇ, ಕಂಬದ ಬುಡದ ಪೆಟ್ಟಿಗೆಗೆ ಮುಚ್ಚಳವಿದೆಯೇ. ಕಟ್ಟಡದ ಒಳಗೆ ಮೀಟರ್ ಫಲಕವೂ ಸಂಪಿನ ಪಂಪಿನ ಸ್ವಿಚ್ಚೂ ನೆಲದಿಂದ ಎಷ್ಟು ಎತ್ತರದಲ್ಲಿವೆ, ಪಂಪಿನ ಸಾಲಿಗೆ ವಿದ್ಯುತ್ ಸೋರಿಕೆಯಾದ ಕೂಡಲೇ ಸಂಪರ್ಕ ಕಡಿಯುವ ಬ್ರೇಕರ್ ಇದೆಯೇ ಎಂಬುದನ್ನು ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆದೊಯ್ದು ತೋರಿಸಿ. ಮಾಸಿಕ ಕಂತಿನ ಮುಂದೆ ಅವರ ಕೂಲಿ ಲೆಕ್ಕಕ್ಕೇ ಬರುವುದಿಲ್ಲ.

ಬೆಂಕಿಯ ವಿಷಯದಲ್ಲಿ ಒಂದು ವಿಚಿತ್ರವಿದೆ: ಕಳ್ಳನನ್ನು ತಡೆಯಲು ಮಾಡಿದ ಏರ್ಪಾಡೇ ಮನೆಯವರಿಗೆ ಮೃತ್ಯುವಾಗಬಹುದು. 2021ರ ಸೆಪ್ಟೆಂಬರ್‌ನಲ್ಲಿ ಬನ್ನೇರುಘಟ್ಟ ರಸ್ತೆಯ ಸಮೀಪ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟಿನಲ್ಲಿ ಬೆಂಕಿ ಬಿದ್ದಾಗ ತಾಯಿ ಮತ್ತು ಮಗಳು ಮೃತಪಟ್ಟರು. ಬಾಲ್ಕನಿಗೆ ಬಿಗಿದಿದ್ದ ಗ್ರಿಲ್ ಹೊರಬರುವ ದಾರಿಯನ್ನೇ ಮುಚ್ಚಿತ್ತು. ಹಳೆಯ ಫ್ಲ್ಯಾಟಿನಲ್ಲಿ ಬಾಲ್ಕನಿಗೂ ಕಿಟಕಿಗಳಿಗೂ ಬೆಸುಗೆ ಹಾಕಿದ ಗ್ರಿಲ್ ಇದ್ದೇ ಇರುತ್ತದೆ. ಕೊಂಡ ಮೊದಲ ವಾರವೇ ಅದರಲ್ಲಿ ಒಳಗಿನಿಂದ ತೆರೆಯುವ ಬಾಗಿಲೊಂದನ್ನು ಮಾಡಿಸಿ, ಬೀಗದ ಕೈ ಎಲ್ಲಿದೆಯೆಂದು ಮಗಳಿಗೂ ತಾಯಿಯವರಿಗೂ ತೋರಿಸಿಕೊಡಿ. ಮೆಟ್ಟಿಲ ಹಾದಿಯಲ್ಲಿ ಚಪ್ಪಲಿ ಕಪಾಟು, ಸೈಕಲ್ಲು, ಹಳೆಯ ಮಂಚ ಪೇರಿಸಿದ್ದರೆ ಆ ಸಂಘ ಎಷ್ಟರಮಟ್ಟಿಗೆ ಜೀವಂತವಾಗಿದೆ ಎಂಬುದು ಕೇಳದೆಯೇ ತಿಳಿಯುತ್ತದೆ. ಅಗ್ನಿಶಾಮಕ ವಾಹನ ತಿರುವು ತೆಗೆದುಕೊಂಡು ಕಟ್ಟಡದ ಮುಂದೆ ಬಂದು ನಿಲ್ಲಬಲ್ಲದೇ ಎಂಬುದನ್ನು ರಾತ್ರಿ ಕಾರುಗಳೆಲ್ಲ ನಿಂತ ಮೇಲೆ ನೋಡಬೇಕು.

ನೀರಿನ ಮಟ್ಟಿಗೆ ಎತ್ತರದ ಮಹಡಿಯಲ್ಲಿದ್ದೇವೆ ಎಂಬ ಧೈರ್ಯ ಸಾಲದು. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ ಮತ್ತು ಸರ್ಜಾಪುರ ರಸ್ತೆಯ ಭಾಗಗಳು ಮುಳುಗಿದಾಗ, ನೆಲಮಾಳಿಗೆಗೆ ನುಗ್ಗಿದ ನೀರಿನಿಂದ ವಿದ್ಯುತ್ತೂ ಲಿಫ್ಟೂ ಕುಡಿಯುವ ನೀರೂ ನಿಂತು ಮೇಲಿನ ಮಹಡಿಯವರೂ ಮನೆ ಬಿಡಬೇಕಾಯಿತು. 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರದಿಂದ ಜನರನ್ನು ದೋಣಿಯಲ್ಲಿ ಕರೆತಂದರು. ರಾಜ್ಯ ಸರ್ಕಾರದ ಭೂನಕ್ಷೆಯ ‘ದಿಶಾಂಕ್’ ಆ್ಯಪ್‌ನಲ್ಲಿ ಎರಡೂ ನಿವೇಶನಗಳ ಸರ್ವೆ ನಂಬರ್ ತೆರೆದು, ಕೆರೆ ಮತ್ತು ರಾಜಕಾಲುವೆಯ ಗೆರೆ ಎಲ್ಲಿ ಹಾದಿದೆ ನೋಡಿ. ಬಳಿಕ ಆ ಬೀದಿಯ ಹಳೆಯ ಅಂಗಡಿಯವರನ್ನು ಜೋರು ಮಳೆಯ ದಿನ ನೀರು ಎಲ್ಲಿಯವರೆಗೆ ನಿಲ್ಲುತ್ತದೆ ಎಂದು ಕೇಳಿ. ಅವರು ಗೋಡೆಯ ಮೇಲೆ ಬೆರಳಿಟ್ಟು ತೋರಿಸುತ್ತಾರೆ. ಅದಕ್ಕಿಂತ ನಂಬಲರ್ಹವಾದ ನಕ್ಷೆಯನ್ನು ನಾನಂತೂ ಕಂಡಿಲ್ಲ.

ವಕಾಲತ್ತು

ಹಳೆಯ ಕಟ್ಟಡದತ್ತ ಒಲವಿದ್ದರೆ ಕಾಗದಪತ್ರಗಳಿಗೆ ಇನ್ನೆರಡು ಸೇರಿಸಿಕೊಳ್ಳಿ. ಸ್ವಾಧೀನಾನುಭವ ಪತ್ರ, ಖಾತಾ, ಋಣಭಾರ ಪ್ರಮಾಣಪತ್ರಗಳನ್ನು ಬ್ಯಾಂಕಿನ ವಕೀಲರೇ ಕೇಳುತ್ತಾರೆ. ನಿವಾಸಿಗಳ ಸಂಘದ ಸಭೆಯ ನಡಾವಳಿ ಪುಸ್ತಕವನ್ನು ಯಾರೂ ಕೇಳುವುದಿಲ್ಲ. ಹಿಂದಿನ ಎರಡು ಮೂರು ವರ್ಷದ ಪುಟಗಳನ್ನು ಓದಲು ಕೊಡಿ ಎನ್ನಿ. ಕಳವು, ಲಿಫ್ಟ್ ಕೆಟ್ಟದ್ದು, ನೀರು ನುಗ್ಗಿದ್ದು, ಕ್ಯಾಮೆರಾ ದುರಸ್ತಿಗೆ ಹಣ ಕೊಡದೆ ಉಳಿದವರು, ಎಲ್ಲವೂ ಅಲ್ಲಿ ಸಿಗುತ್ತವೆ. ಜೊತೆಗೆ ಲಿಫ್ಟಿಗೆ ವಿದ್ಯುತ್ ಪರಿವೀಕ್ಷಣಾಲಯದ ಪ್ರಮಾಣಪತ್ರ ಚಾಲ್ತಿಯಲ್ಲಿದೆಯೇ ನೋಡಿ. ಸಂಘವೇ ನೋಂದಣಿಯಾಗಿಲ್ಲ, ನಡಾವಳಿಯೂ ಇಲ್ಲ ಎಂಬ ಉತ್ತರ ಬಂದರೆ, ಇಂಜಿನಿಯರ್ ಮಹಾಶಯರು ಹೇಳಿದ ದುರಸ್ತಿಗಳನ್ನು ಉಳಿದ ಹನ್ನೊಂದು ಮನೆಯವರಿಂದ ಒಪ್ಪಿಸುವ ಹೊಣೆ ನಿಮ್ಮ ತಲೆಯ ಮೇಲೆಯೇ ಬೀಳುತ್ತದೆ. ಆ ಹನ್ನೊಂದರಲ್ಲಿ ಎಷ್ಟು ಮನೆಗಳಲ್ಲಿ ಮಾಲೀಕರೇ ವಾಸವಾಗಿದ್ದಾರೆ ಎಂಬುದನ್ನು ಮುಂಗಡದ ಕರಾರಿಗೆ ಮೊದಲೇ ತಿಳಿದುಕೊಳ್ಳಿ.